ಬಳೆ ಅಂಗಡಿಯ ಮೇಡಂ

ತೊಂಬತ್ತರ ದಶಕದಲ್ಲಿ, ಬನಶಂಕರಿಯ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡಿಸುತ್ತಿದ್ದ ಮೇಡಂ, ಪ್ರಯೋಗದ ದಿನ ಲ್ಯಾಬಿಗೆ ಬಂದವರೇ ಸೆರಗು ಸಿಕ್ಕಿಸಿ, ತೋಳು ಚಾಚಿ, "ಮೊದಲು ನಂದು" ಎನ್ನುತ್ತಿದ್ದರು. ಕಾಲೇಜಿನ ನರ್ಸ್ ತೆಗೆದ ರಕ್ತದ ಟ್ಯೂಬನ್ನು ಅಂಗೈಗಳ ನಡುವೆ ಬತ್ತಿ ಹೊಸೆಯುವಂತೆ ಮೆಲ್ಲಗೆ ಉರುಳಿಸಿ, ಲೇಸರ್ ಬೆಳಕಿನೆದುರು ಇಡುತ್ತಿದ್ದರು.

ಕಲಕುವುದನ್ನು ನಿಲ್ಲಿಸಿದೊಡನೆ ರಕ್ತದ ಕೆಂಪು ಕಣಗಳು ಅಂಗಡಿಯಲ್ಲಿ ಜೋಡಿಸಿಟ್ಟ ಬಳೆಗಳಂತೆ ಒಂದರ ಬೆನ್ನಿಗೊಂದು ಅಂಟಿಕೊಳ್ಳುತ್ತವೆ. ನಡುವೆ ಸಂದು ಬಿದ್ದು ಬೆಳಕು ಹೆಚ್ಚು ಹಾಯುತ್ತದೆ. ಅದು ಎಷ್ಟು ಬೇಗ ಆಗುತ್ತದೆಂದು ನಾವು ಪ್ರಾಜೆಕ್ಟಿಗೆಂದು ಕಟ್ಟಿದ ಮೆಷಿನ್ನಿನಲ್ಲಿ ಅಳೆಯುತ್ತಿದ್ದೆವು. ಮೇಡಂ ಮಾತ್ರ, "ಬಳೆ ಅಂಗಡಿ ಹಾಕ್ಕೊಂಡ್ವು ನೋಡಿ" ಎನ್ನುತ್ತಿದ್ದರು. ಅವರದು ನಿಧಾನಕ್ಕೆ ಅಂಗಡಿ ಹಾಕುವ ಆರೋಗ್ಯವಂತ ರಕ್ತ. ಅದರ ಗ್ರಾಫ್ ಎಂದಿನಂತೆ ಬಂದರೆ ಮೆಷಿನ್ ಸರಿಯಿದೆ ಎಂದರ್ಥ.

ಪರೀಕ್ಷಕರು ಬರುವ ಹಿಂದಿನ ದಿನ ಆ ಗ್ರಾಫ್ ಸರ್ರನೆ ಮೇಲೇರಿತು. ನನ್ನ ಜೊತೆಗಾರ ಸ್ಕ್ರೂಡ್ರೈವರ್ ಎತ್ತಿಕೊಂಡ. "ಲೇಸರ್ ಕೆಟ್ಟಿದೆ ಮೇಡಂ. ಸ್ವಲ್ಪ ಅಡ್ಜಸ್ಟ್ ಮಾಡ್ಬಿಡ್ತೀನಿ, ಇಲ್ದಿದ್ರೆ ನಾಳೆ ಮರ್ಯಾದೆ ಹೋಗುತ್ತೆ."

ಮೇಡಂ ಸ್ಕ್ರೂಡ್ರೈವರ್ ಕಿತ್ತುಕೊಂಡು ತಮ್ಮ ಬ್ಯಾಗಿಗೆ ಹಾಕಿದರು. "ಮುಟ್ಟೀಯಾ, ಜೋಕೆ! ನಾವೇ ಕಟ್ಟಿರೋ ಮೆಷಿನ್ ಇದು. ಸುಳ್ಳು ಹೇಳಲ್ಲ."

ಮರುದಿನ ಅವರು ಬಂದಾಗ ಬಲಗೆನ್ನೆ ಬನ್ನಿನಂತೆ ಊದಿತ್ತು. ರಾತ್ರೋರಾತ್ರಿ ಹುಳುಕು ಹಲ್ಲು ಕೀವು ತುಂಬಿಕೊಂಡಿತ್ತಂತೆ. ಮೈಯಲ್ಲಿ ಸೋಂಕಿದ್ದರೆ ಕಣಗಳು ಬೇಗ ಅಂಟುತ್ತವೆಂದು ನಮಗೆ ಪಾಠ ಮಾಡಿದ್ದವರೂ ಅವರೇ. ನಾವು ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ಅವರ ಮುಖದಲ್ಲಿ ಮದುವೆಮನೆಯ ಕಳೆ.

"ಹಲ್ಲು ನೋಯೋಕ್ ಮುಂಚೆನೇ ಮೆಷಿನ್ ಹೇಳಿತ್ತು ಸಾರ್," ಎಂದು ಪರೀಕ್ಷಕರಿಗೆ ಅರ್ಧ ಬಾಯಲ್ಲೇ ಹೇಳಿ, ಸೆರಗು ಸಿಕ್ಕಿಸಿ, ತೋಳು ಚಾಚಿದರು. "ಬೇಕಿದ್ರೆ ನೀವೇ ನೋಡಿ. ಮೊದಲು ನಂದು."