ಮೊದಲು ಸತ್ಕಾರ, ಆಮೇಲೆ ಆಟ

ನನ್ನ ಅಣ್ಣ ಹೈದರಾಬಾದಿನ ತಂಡವೊಂದರಲ್ಲಿ ಹದಿನಾಲ್ಕು ವರ್ಷ ಫುಟ್‌ಬಾಲ್ ಆಡಿದ. ಅದೇ ಅವನ ಉದ್ಯೋಗ, ಅದೇ ಅನ್ನ. ನಾನು ಅವನ ಒಂದೂ ಆಟ ನೋಡಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ನಿಜ.

ಅವನು ಆಟ ಕಲಿತದ್ದು ಶಹಾಪುರದ ಹತ್ತಿರ, ನಮ್ಮೂರ ಪಕ್ಕದ ಕ್ಯಾನಲ್ ಕ್ಯಾಂಪಿನಲ್ಲಿ. ಎರೆಮಣ್ಣು ಮಳೆಗೆ ಕಾಲು ಹಿಡಿಯುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಾಲುವೆ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದವರು ಜಾಲಿ ಕಡಿದು, ಟಿಪ್ಪರಿನಲ್ಲಿ ಮರಂ ಎಂಬ ಕೆಂಪು ಗರಸುಮಣ್ಣು ತಂದು ಹರವಿ, ಆಡಲು ಒಂದು ಬಯಲು ಮಾಡಿಕೊಂಡಿದ್ದರು. ಹೆಣ್ಣುಮಕ್ಕಳು ಹೋಗುವ ಜಾಗವಲ್ಲ ಎಂದು ಅವ್ವ ನನ್ನನ್ನು ಕಳಿಸುತ್ತಿರಲಿಲ್ಲ. ಅಣ್ಣ ಸಂಜೆ ಕೆಂಪು ಧೂಳು ಹೊತ್ತು ಬರುತ್ತಿದ್ದ, ನಾನು ಅವನ ಬನಿಯನ್ ಒಗೆಯುತ್ತಿದ್ದೆ. ಆಮೇಲೆ ಅವನು ಯಾದಗಿರಿಯಲ್ಲಿ ರೈಲು ಹತ್ತಿದ, ನನಗೆ ಸುರಪುರದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮದುವೆ, ಬಾಣಂತನ, ಪರೀಕ್ಷೆ, ಜನಗಣತಿ. ಹೈದರಾಬಾದಿಗೆ ಹೋಗಬೇಕೆಂದು ಪ್ರತಿ ವರ್ಷ ಅಂದುಕೊಂಡೆ. ಅಂದುಕೊಳ್ಳುವುದರಲ್ಲಿ ನಾನು ಬಲು ಜಾಣೆ.

ಮೂವತ್ತಮೂರಕ್ಕೆ ಅವನ ಬಲ ಮೊಣಕಾಲು ಸೋತಿತು. ಡಾಕ್ಟರು ಸಾಕು ಎಂದರು, ತಂಡದವರೂ ಸಾಕು ಎಂದರು. ಅವನು ನನ್ನ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು ಹೇಳಿದ:

"ಕ್ಯಾಂಪಿನ ಬಯಲಾಗ ಹಳೇ ಗೆಳೆಯರ ಕೂಡ ಕಡೀ ಆಟ ಆಡ್ತೀನಿ. ಇಪ್ಪತ್ತು ಮಿನಿಟು, ಅದಕ್ಕಿಂತ ಜಾಸ್ತಿ ಕಾಲು ತಡಿಯಂಗಿಲ್ಲ. ನೀ ಬಂದು ನೋಡಬೇಕು ತಂಗಿ. ಊರೆಲ್ಲಾ ನೋಡ್ಯಾರ, ನೀ ಒಬ್ಬಾಕಿ ನೋಡಿಲ್ಲ."

ನನಗೆ ಅಳು ಬಂತು. ಏರ್ಪಾಟಿನ ಹೊಣೆಯನ್ನು ನಾನೇ ಮೈಮೇಲೆ ಎಳೆದುಕೊಂಡೆ, ಯಾರೂ ಹೊರಿಸಲಿಲ್ಲ.

ನಮ್ಮ ಕಡೆ ನಿವೃತ್ತಿ ಎಂದರೆ ಒಂದೇ ಬಗೆ. ಮಾಸ್ತರರಿರಲಿ, ಗುಮಾಸ್ತರಿರಲಿ, ಪೆಂಡಾಲು ಹಾಕಿಸಿ, ಹಾರ, ಶಾಲು, ರುಮಾಲಿನ ಸತ್ಕಾರ ಮಾಡಿ, ಜೀಪಿನಲ್ಲಿ ಮನೆ ಮುಟ್ಟಿಸಬೇಕು. ಹಾಗೆ ಎಷ್ಟೋ ಹಿರಿಯ ಮಾಸ್ತರರನ್ನು ನಾನೇ ಮನೆ ಮುಟ್ಟಿಸಿದ್ದೆ. ನನ್ನ ಕೈ ಆ ರೂಢಿಗೇ ಓಡಿತು. ಪ್ರಾರ್ಥನೆ, ಸ್ವಾಗತ, ಸತ್ಕಾರ, ಅತಿಥಿಗಳ ಮಾತು ಎಂದು ಬರೆದು, ಎಲ್ಲಕ್ಕೂ ಕೆಳಗೆ ಆಟ ಎಂದು ಬರೆದೆ.

ಅಣ್ಣ ಪಟ್ಟಿ ನೋಡಿ, "ಮೊದ್ಲ ಆಟ ಇಡವ್ವಾ," ಎಂದ. "ಕಾಲು ಬಿಸಿ ಮಾಡ್ಕೊಂಡು ಸುಮ್ಮ ಕುಂತ್ರ ಮತ್ತ ಹಿಡೀತದ."

"ಆಟ ಮುಗಿಯೋತನ ದೊಡ್ಡ ಮಂದಿ ಕಾಯ್ತಾರೇನು? ಬೆವರಿನ ಮೈಮ್ಯಾಲೆ ಶಾಲು ಹೊದಸ್ಲೇನು? ನೀ ಸುಮ್ನಿರು, ನನಗ ಗೊತ್ತದ," ಎಂದೆ.

ಅವನು ಪಟ್ಟಿಯನ್ನು ನನ್ನ ಕೈಗೇ ಮರಳಿಸಿದ. ನನ್ನ ಬಾಯಿಗೆ ಹೆದರಿ ಅವನು ಚಿಕ್ಕಂದಿನಿಂದ ಒಪ್ಪುತ್ತಲೇ ಬಂದವನು.

ಕ್ಯಾಂಪಿನ ಬಯಲಿನ ಅಂಚಿಗೇ ಪೆಂಡಾಲು ಹಾಕಿಸಿದೆ. ಆ ದಿನ ನಾಲ್ಕಕ್ಕೆ ಬರಬೇಕಿದ್ದ ಅತಿಥಿಗಳು ಐದಕ್ಕೆ ಬಂದರು. ಅಷ್ಟರೊಳಗೆ ಅಣ್ಣ ಬಯಲನ್ನು ನಾಲ್ಕು ಸುತ್ತು ಓಡಿ ಕಾಲು ಸಡಿಲ ಮಾಡಿಕೊಂಡಿದ್ದನಂತೆ. ನಾನು ಪೆಂಡಾಲಿನ ಹಿಂದೆ ಹಣ್ಣಿನ ತಟ್ಟೆ ಜೋಡಿಸುತ್ತಿದ್ದೆ, ಅದನ್ನೂ ನೋಡಲಿಲ್ಲ. ಆಟದ ಬಟ್ಟೆಯ ಮೇಲೆಯೇ ಅವನಿಗೆ ಧೋತರ ಉಡಿಸಿ, ರುಮಾಲು ಸುತ್ತಿ ಕೂಡಿಸಿದರು. ಅತಿಥಿಗಳೂ ರೂಢಿಯ ಮಾತನ್ನೇ ಆಡಿದರು: ವಿಶ್ರಾಂತ ಜೀವನ ಸುಖವಾಗಿರಲಿ, ಮೊಮ್ಮಕ್ಕಳನ್ನು ಆಡಿಸುತ್ತ ಇರಲಿ. ಅವನ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಜನ ನಕ್ಕರು, ಅವನೂ ನಕ್ಕ. ಅವರ ಪ್ರೀತಿ ಸುಳ್ಳಲ್ಲ. ಕೊಡೇಕಲ್ಲಿನಿಂದ ಟ್ರ್ಯಾಕ್ಟರಿನಲ್ಲಿ ಕೂತು ಬಂದವರಿದ್ದರು, ಎಲ್ಲರಿಗೂ ತಮ್ಮ ಕೈಯಾರೆ ಹಾರ ಹಾಕಬೇಕಿತ್ತು. ನಾನು ಮೈಕು ಹಿಡಿದು ಹುರುಪಿನಿಂದ ಒಬ್ಬೊಬ್ಬರ ಹೆಸರು ಕೂಗಿದೆ.

ಆಟದ ಸರದಿ ಬಂದಾಗ ಹೊತ್ತು ಮುಳುಗಲು ಬಂದಿತ್ತು. ಗೆಳೆಯರು ಬಯಲಿಗಿಳಿದರು. ಅಣ್ಣ ಹಾರ ತೆಗೆದಿಟ್ಟು ಎದ್ದ, ಒಂದು ಹೆಜ್ಜೆ ಇಟ್ಟು ಕುರ್ಚಿ ಹಿಡಿದುಕೊಂಡ. ಮತ್ತೊಮ್ಮೆ ಪ್ರಯತ್ನಿಸಿದ. ಬಲ ಮೊಣಕಾಲು ಹಿಡಿದುಬಿಟ್ಟಿತ್ತು.

"ಆಗಂಗಿಲ್ಲ. ಅವರು ಆಡ್ಲಿ," ಎಂದು ಕೂತುಬಿಟ್ಟ.

ನಾನು ಮೈಕು ಇಟ್ಟು ಅವನ ಕುರ್ಚಿಯ ಪಕ್ಕ ನೆಲಕ್ಕೆ ಕೂತೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

"ನಾನೇ ಹಾಳು ಮಾಡಿದೆ ಅಣ್ಣಾ," ಎಂದೆ.

ಅವನು ಬಯಲಿನಿಂದ ಕಣ್ಣು ತೆಗೆಯದೆ ನನ್ನ ತಲೆಯ ಮೇಲೆ ಕೈ ಇಟ್ಟ. ಅಷ್ಟರಲ್ಲಿ ಚೆಂಡು ನಮ್ಮ ಮಗ್ಗುಲಿಗೆ ಬಂತು, ಧೋತರದ ಅಂಚು ಅಲ್ಲಾಡಿತು. ಅವನು ಬೂಟು ಬಿಚ್ಚಿರಲಿಲ್ಲ. ಕುರ್ಚಿಯ ಕೆಳಗೆ ಅವನ ಎಡಗಾಲು ಚೆಂಡಿನ ಜೊತೆಗೇ ಸರಿಯುತ್ತಿತ್ತು. ತಡೆಯಿತು, ತಿರುಗಿತು, ಹಿಮ್ಮಡಿ ಎತ್ತಿ ಅರೆಕ್ಷಣ ಕಾದು ಬರಿಗಾಳಿಯನ್ನು ಒದೆಯಿತು. ಬಯಲಿನಲ್ಲಿದ್ದವನು ಅವಸರ ಮಾಡಿ ತಪ್ಪಿದ. ಜನ ಛೇ ಎಂದರು.

ಬೆಳಕಿರುವ ತನಕ ನಾನು ಬಯಲಿನ ಕಡೆ ತಿರುಗಲಿಲ್ಲ. ನೆಲದ ಮೇಲೆ ಕೂತು ನನ್ನ ಅಣ್ಣನ ಆಟ ನೋಡಿದೆ.