ಕನ್ನಡಕದಕ್ಕನ ಮೂರನೇ ದಂಡಯಾತ್ರೆ

ಕನ್ನಡಕದಕ್ಕನಿಗೆ ಕನ್ನಡಕದ ಅಗತ್ಯ ಎಳ್ಳಷ್ಟೂ ಇರಲಿಲ್ಲ. ಬೀದಿಯ ಆ ತುದಿಯಲ್ಲಿ ಬರುವ ಬಸ್ಸಿನ ನಂಬರನ್ನು ಈ ತುದಿಯಲ್ಲಿ ನಿಂತು ಓದುವ ಹದ್ದಿನ ಕಣ್ಣು ಅವಳದು. ಆದರೂ ಅಂಗಡಿಯ ಯಜಮಾನರು ಬರಿಗಾಜು ಕೂರಿಸಿದ ಫ್ರೇಮೊಂದನ್ನು ಅವಳ ಮೂಗಿಗೆ ಏರಿಸಿಬಿಟ್ಟಿದ್ದರು. "ಅಡುಗೆಯವಳೇ ತನ್ನ ಅಡುಗೆ ತಿನ್ನದಿದ್ರೆ ಗಿರಾಕಿ ತಿಂತಾನೇನಮ್ಮ?" ಎನ್ನುವುದು ಅವರ ವಾದ. ಹೀಗೆ ಸುಳ್ಳು ಕನ್ನಡಕ ಹಾಕಿಕೊಂಡು, ಫ್ರೇಮಿನ ಕಡ್ಡಿ ಬಿಸಿ ಮಾಡಿ ಬಗ್ಗಿಸುತ್ತ, ಸಡಿಲಾದ ತಿರುಪು ಬಿಗಿಯುತ್ತ, "ಇದ್ರಲ್ಲಿ ನಿಮ್ಮ ವಯಸ್ಸೇ ಗೊತ್ತಾಗಲ್ಲ ಸಾರ್" ಎಂದು ಇನ್ನಷ್ಟು ಸುಳ್ಳು ಹೇಳುತ್ತ ಅವಳು ಬಾಳು ಸಾಗಿಸುತ್ತಿದ್ದಳು.

ಅವಳ ಕಣ್ಣೆಲ್ಲ ಒಳಗಿನ ಕೋಣೆಯ ಮೇಲೆ. ಅಲ್ಲಿ ಕತ್ತಲೆ, ಎತ್ತರದ ಕುರ್ಚಿ, ಎದುರು ಗೋಡೆಯಲ್ಲಿ ಅಕ್ಷರಗಳ ಹಲಗೆ, ಪೆಟ್ಟಿಗೆಯ ತುಂಬ ಲೆನ್ಸು. ಆ ಕೋಣೆಯಲ್ಲಿ ಕೂತು ಜನರ ಕಣ್ಣು ಪರೀಕ್ಷಿಸಬೇಕೆಂದರೆ ಒಂದು ಕೋರ್ಸು ಮಾಡಬೇಕು. ಕೋರ್ಸಿಗೆ ಸೇರಬೇಕೆಂದರೆ ಹನ್ನೆರಡನೇ ತರಗತಿಯ ಭೌತಶಾಸ್ತ್ರ ಪಾಸಾಗಿರಬೇಕು. ಭೌತಶಾಸ್ತ್ರವೋ, ಅವಳನ್ನು ಎರಡು ಸಲ ಎತ್ತಿ ಒಗೆದಿತ್ತು. ಒಮ್ಮೆ ಮದುವೆಗೆ ಮುಂಚೆ, ಇನ್ನೊಮ್ಮೆ ಮದುವೆಯಾದ ಮೇಲೆ. ಈ ವರ್ಷ ದಾಟಿದರೆ ಕೋರ್ಸಿಗೆ ಸೇರುವ ವಯಸ್ಸೂ ದಾಟುತ್ತದೆ. ಮೂರನೆಯ ದಂಡಯಾತ್ರೆಯೇ ಕೊನೆಯದು.

ಓದುವುದರಲ್ಲಿ ಅವಳು ಮೈಗಳ್ಳಿಯಲ್ಲ. ಪುಸ್ತಕದ ತುಂಬ ಹಳದಿ, ಹಸಿರು, ಗುಲಾಬಿ ಗೆರೆ ಎಳೆದಿದ್ದಳು. ಎಷ್ಟು ಎಳೆದಿದ್ದಳೆಂದರೆ, ಗೆರೆ ಬೀಳದೆ ಉಳಿದ ಸಾಲುಗಳೇ ಕಣ್ಣಿಗೆ ಹೊಡೆಯುತ್ತಿದ್ದವು. ಬಿಡಿಸಿಟ್ಟ ಲೆಕ್ಕಗಳನ್ನು ಓದಿ "ಹೌದು, ಹೌದು, ಸರಿ" ಎಂದು ತಲೆದೂಗುವುದಂತೂ ಹರಿಕಥೆ ಕೇಳುವವರನ್ನೂ ಮೀರಿಸುವಂತಿತ್ತು.

ಒಂದು ಸಂಜೆ ಈ ತಲೆದೂಗಾಟ ಅವಳ ಅತ್ತೆಯ ಕಿವಿಗೆ ಬಿತ್ತು. ಅತ್ತೆ ನಿವೃತ್ತ ಭೌತಶಾಸ್ತ್ರ ಟೀಚರು. ಅವರ ನಾಲಿಗೆಗೆ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. ಸೊಸೆ ಎರಡನೇ ಸಲ ಡುಮ್ಕಿ ಹೊಡೆದಾಗಲೂ ಅವರು ಸುಮ್ಮನಿದ್ದರು, ಏಕೆಂದರೆ ಸೊಸೆ ಕೇಳಿರಲಿಲ್ಲ. ಸೊಸೆ ಏಕೆ ಕೇಳಲಿಲ್ಲವೆಂದರೆ, ಅತ್ತೆಯ ಹತ್ತಿರ ಪಾಠ ಹೇಳಿಸಿಕೊಳ್ಳುವುದಕ್ಕಿಂತ ಫೇಲಾಗುವುದೇ ವಾಸಿ ಅನ್ನಿಸಿತ್ತು.

"ಏನೇ ಅದು, ಹೌದು ಹೌದು ಅಂತ?"

"ಓದ್ತಾ ಇದೀನಿ ಅತ್ತೆ. ಎಲ್ಲಾ ಅರ್ಥ ಆಗ್ತಿದೆ."

"ಪುಸ್ತಕ ಮುಚ್ಚು. ಈಗ ಓದಿದ್ದನ್ನ ಈ ಖಾಲಿ ಹಾಳೆ ಮೇಲೆ ಬರಿ."

ಕನ್ನಡಕದಕ್ಕ ಬರೆಯಲು ಕೂತಳು. ಅಧ್ಯಾಯದ ಹೆಸರು ಬರೆದಳು. ಅದರ ಕೆಳಗೆ ಚೆಂದದ ಗೆರೆ ಎಳೆದಳು. ಮುಂದೆ ಪೆನ್ನು ಓಡಲಿಲ್ಲ.

"ಏನೂ ಬರ್ತಿಲ್ಲ ಅತ್ತೆ."

ಬೈಗುಳ ಬರುತ್ತದೆಂದು ಅವಳು ತಲೆ ತಗ್ಗಿಸಿದಳು. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಸರಿ, ಹಾಗಾದ್ರೆ ಇಲ್ಲಿಂದ ಶುರು ಮಾಡೋಣ" ಎಂದರು.

ಅಲ್ಲಿಂದ ಮನೆಯಲ್ಲಿ ಮಿಲಿಟರಿ ಆಡಳಿತ. ಬಣ್ಣದ ಪೆನ್ನುಗಳು ಅತ್ತೆಯ ಬೀರು ಸೇರಿದವು. ಮೊದಲು ಓದು, ಆಮೇಲೆ ಪುಸ್ತಕ ಮುಚ್ಚಿ ನೆನಪಿಂದ ಬರಿ, ಆಮೇಲೆ ತೆರೆದು ಬಿಟ್ಟದ್ದನ್ನು ಕೆಂಪು ಶಾಯಿಯಲ್ಲಿ ತುಂಬು. ನಾಳೆ ಅದನ್ನೇ ಮತ್ತೆ, ವಾರ ಬಿಟ್ಟು ಇನ್ನೊಮ್ಮೆ. ತಪ್ಪಿದ ಲೆಕ್ಕ ಸರಿಹೋಗುವ ತನಕ ಸಾಲಗಾರನ ಹಾಗೆ ಮತ್ತೆ ಮತ್ತೆ ಬಾಗಿಲಿಗೆ ಬರುತ್ತಿತ್ತು. ಒಂದೇ ಅಧ್ಯಾಯವನ್ನು ಹಿಡಿದು ಕೂರುವಂತಿಲ್ಲ. ವಿದ್ಯುತ್ತಿನ ಒಂದು ಲೆಕ್ಕ, ಹಿಂದೆಯೇ ಅಲೆಗಳದ್ದೊಂದು. "ಪರೀಕ್ಷೆಯಲ್ಲಿ ಪ್ರಶ್ನೆಗಳು ಮೆರವಣಿಗೆ ಕಟ್ಕೊಂಡು ಬರಲ್ಲ ಕಣೇ, ಸಂತೆ ಥರ ನುಗ್ತವೆ" ಎನ್ನುತ್ತಿದ್ದರು ಅತ್ತೆ. ಈ ಗಲಾಟೆಯಲ್ಲಿ ಗಂಡನೆಂಬ ಬಡಪಾಯಿ, ತಾನು ಒಗ್ಗರಣೆ ಹಾಕುತ್ತ ಹೆಂಡತಿಯಿಂದ ಉಷ್ಣಪ್ರಸರಣದ ಉಪನ್ಯಾಸ ಕೇಳಬೇಕಾಗಿತ್ತು. ಅವನಿಗೆ ಅರ್ಥವಾದರೆ ಅವಳಿಗೆ ಅರ್ಥವಾಗಿದೆ ಎಂದು ಅತ್ತೆಯ ತೀರ್ಪು. ಪಾಪ, ಅವನು ಭಯಕ್ಕೇ ಅರ್ಥ ಮಾಡಿಕೊಂಡ.

ಒಂದು ಅಧ್ಯಾಯವನ್ನು ಮಾತ್ರ ಕನ್ನಡಕದಕ್ಕ ಮುಟ್ಟಲಿಲ್ಲ. ಅದು ಲೆನ್ಸಿನ ಅಧ್ಯಾಯ. "ದಿನ ಬೆಳಗಾದ್ರೆ ಲೆನ್ಸು ಒರೆಸೋಳು ನಾನು. ಮೀನಿಗೆ ಈಜು ಕಲಿಸ್ತೀರಾ ಅತ್ತೆ?" ಎಂದು ನಕ್ಕಿದ್ದಳು.

ಪರೀಕ್ಷೆಗೆ ತಿಂಗಳಿದೆ ಎನ್ನುವಾಗ ಅತ್ತೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು, ಗಡಿಯಾರ ಎದುರಿಗಿಟ್ಟು ಬರೆಸಿದರು. ಪ್ಲಸ್ ಐದು ಪವರಿನ ಲೆನ್ಸು, ಮೂವತ್ತು ಸೆಂಟಿಮೀಟರು ದೂರದಲ್ಲಿ ವಸ್ತು, ಬಿಂಬ ಎಲ್ಲಿ? ಅಂಗಡಿಯಲ್ಲಿ ಪ್ಲಸ್ ಐದು ಎಂದರೆ ಪ್ಲಸ್ ಐದು, ಮುಗಿಯಿತು. ಸಂಗಮ ದೂರ ಯಾವ ಗಿರಾಕಿಗೆ ಬೇಕು? ಅವಳು ಆ ಐದನ್ನೇ ಸಂಗಮ ದೂರವೆಂದು ಸೂತ್ರಕ್ಕೆ ತುರುಕಿ, ಆರು ಸೆಂಟಿಮೀಟರು ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದಳು. ಪವರು ಐದೆಂದರೆ ಸಂಗಮ ದೂರ ಇಪ್ಪತ್ತು ಸೆಂಟಿಮೀಟರು; ಸರಿಯಾದ ಉತ್ತರ ಅರವತ್ತು.

"ಮೀನು ಮುಳುಗಿತಲ್ಲೇ!" ಎಂದು ಅತ್ತೆ ಬಿದ್ದು ಬಿದ್ದು ನಕ್ಕರು. ಅವಳಿಗೆ ಅಳು ಬಂತು. ಅತ್ತೆ ತಕ್ಷಣ ನಗು ನಿಲ್ಲಿಸಿ, "ಗೊತ್ತಿಲ್ದೇ ಇರೋದು ಕೊಲ್ಲಲ್ಲ ಮಗಳೇ, ಗೊತ್ತಿದೆ ಅನ್ಕೊಂಡಿದ್ದು ಕೊಲ್ಲುತ್ತೆ" ಎಂದು ಮುಂದಿನ ಉತ್ತರಕ್ಕೆ ಹೋದರು. ಅಲ್ಲಿ ಕೆಂಪು ಸುತ್ತು ಹಾಕಿ ಗದರಿದರು. "ಇಪ್ಪತ್ತೈದು ಆಂಪಿಯರಾ? ಎರಡೂವರೆ ಅಲ್ವೇನೇ? ದಶಮಾಂಶದ ಚುಕ್ಕೆ ನುಂಗಿಬಿಟ್ಯಾ?"

ಕನ್ನಡಕದಕ್ಕ ಕಣ್ಣೊರೆಸಿಕೊಂಡು ನೋಡಿದಳು. ಚುಕ್ಕೆ ಅಲ್ಲೇ ಇತ್ತು. ಸಾಸಿವೆಯಷ್ಟು ದಪ್ಪಗೆ ಇತ್ತು. ಹಿಂದಿನ ಹಾಳೆಗಳನ್ನು ತಿರುವಿದಳು. ಅಲ್ಲೂ ಕೆಲವು ಚುಕ್ಕೆಗಳಿಗೆ ಇದೇ ಗತಿ. ತಾನೇ ತಪ್ಪಿದೆನೆಂದುಕೊಂಡು ಆಗೆಲ್ಲ ಸುಮ್ಮನಿದ್ದುಬಿಟ್ಟಿದ್ದಳು. ಅತ್ತೆ ಈಚೆಗೆ ಕಿಟಕಿಯ ಪಕ್ಕವೇ ಕೂರುವುದು, ಹಾಳೆಯನ್ನು ಕಣ್ಣಿನ ಹತ್ತಿರಕ್ಕೇ ಹಿಡಿಯುವುದು, ಟೀವಿಯನ್ನು ಬರೀ ಕೇಳುವುದು, ಎಲ್ಲ ಒಟ್ಟಿಗೆ ನೆನಪಾಯಿತು. ಅಂಗಡಿಗೆ ಕಾಲಿಟ್ಟವರ ನಡಿಗೆ ನೋಡಿಯೇ ಕಣ್ಣಿನ ಕಥೆ ಹೇಳುವವಳು ಮನೆಯಲ್ಲಿ ಇದನ್ನು ಕಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

"ಅತ್ತೆ, ನಾಳೆ ಅಂಗಡಿಗೆ ಬನ್ನಿ. ಕಣ್ಣು ತೋರಿಸೋಣ."

"ನನ್ನ ಕಣ್ಣಿಗೇನಾಗಿದೆ? ನಿನ್ನ ಚುಕ್ಕೆ ಸಣ್ಣದು."

ಅತ್ತೆಗೆ ಭಯವೆಂದು ಅವಳಿಗೆ ಅರ್ಥವಾಯಿತು. ಕೊನೆ ಬೆಂಚಿನ ಕಾಪಿ ಚೀಟಿಯನ್ನು ಕರಿಹಲಗೆಯ ಹತ್ತಿರದಿಂದಲೇ ಹಿಡಿಯುತ್ತಿದ್ದೆನೆಂದು ಬೀಗುವ ಹೆಂಗಸು ಅವರು. ತುಂಬ ಗೋಗರೆದ ಮೇಲೆ ಅತ್ತೆ ಒಂದು ಮಾತು ಕೊಟ್ಟರು. "ನೀನು ಪಾಸಾಗು. ಕೋರ್ಸಿಗೆ ಸೇರು. ನೋಡೋದಾದ್ರೆ ನೀನೇ ನೋಡು. ಬೇರೆ ಯಾರ ಮುಂದೇನೂ ನಾನು ಕೂರಲ್ಲ."

ಅಂದಿನಿಂದ ಅವಳು ಓದಿದ ರೀತಿಯೇ ಬೇರೆ. ಲೆನ್ಸಿನ ಅಧ್ಯಾಯವನ್ನು ಏನೂ ಗೊತ್ತಿಲ್ಲದವಳಂತೆ ಮೊದಲಿಂದ ಹಿಡಿದಳು. ಸೂತ್ರಕ್ಕೊಂದು ಅಂಕ, ಏಕಮಾನಕ್ಕೊಂದು ಅಂಕ ಎಂದು ಜಪಿಸಿದಳು. ಪರೀಕ್ಷೆಯಲ್ಲಿ ಲೆನ್ಸಿನ ಪ್ರಶ್ನೆ ಬಂತು. ಪವರನ್ನು ಸಂಗಮ ದೂರಕ್ಕೆ ತಿರುಗಿಸಿ, ಎರಡೆರಡು ಸಲ ತಾಳೆ ನೋಡಿ ಬರೆದಳು. ಪಾಸಾದಳು. ರ‍್ಯಾಂಕೇನೂ ಅಲ್ಲ, ಗಡಿ ದಾಟಿ ನಾಲ್ಕು ಹೆಜ್ಜೆ ಆಚೆಗೆ. ಅತ್ತೆ ಅಂಕಪಟ್ಟಿಯನ್ನು ಮೂಗಿಗೆ ತಾಗಿಸಿಕೊಂಡು ಓದಿ, "ಪರವಾಗಿಲ್ಲ" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು.

ಕೋರ್ಸಿಗೆ ಸೇರಿದ ಮೇಲೆ ಅಭ್ಯಾಸಕ್ಕೆಂದು ಅವಳು ಅಂಗಡಿಯ ಹಲಗೆಯಲ್ಲಿರುವಂಥದೇ ಅಕ್ಷರಪಟ್ಟಿಯನ್ನು ಮನೆಯ ಗೋಡೆಗೆ ಅಂಟಿಸಿದ್ದಳು. ಕೊನೆಗೊಂದು ಭಾನುವಾರ ಯಜಮಾನರು ಒಳಗಿನ ಕೋಣೆಯನ್ನು ಬಿಟ್ಟುಕೊಟ್ಟರು. ಅತ್ತೆ ಎತ್ತರದ ಕುರ್ಚಿ ಹತ್ತಿ ಕೂತು, ಎಡಗಣ್ಣು ಮುಚ್ಚಿ, ಮೇಲಿಂದ ಕೆಳತನಕ ಎಲ್ಲ ಸಾಲನ್ನೂ ಪಟಪಟನೆ ಓದಿ ಮುಗಿಸಿದರು.

"ನೋಡಿದ್ಯಾ? ಏನಾಗಿದೆ ನನ್ನ ಕಣ್ಣಿಗೆ?"

ಕನ್ನಡಕದಕ್ಕ ಹೋಗಿ ಹಲಗೆಯನ್ನು ಹಿಂದುಮುಂದಾಗಿ ತಿರುಗಿಸಿದಳು. ಹಿಂಬದಿಯಲ್ಲಿ ಬೇರೆಯೇ ಅಕ್ಷರಗಳು.

"ಇನ್ನೊಂದ್ಸಲ ಓದಿ ಅತ್ತೆ."

ಅತ್ತೆ ಅದೇ ಧಾಟಿಯಲ್ಲಿ, ಅದೇ ಹಳೆಯ ಅಕ್ಷರಗಳನ್ನು, ಒಂದನ್ನೂ ಬಿಡದೆ ಒಪ್ಪಿಸಿದರು.

ಅವಳಿಗೆ ನಗು ಬಂತು. "ಬಾಯಿಪಾಠ ಮಾಡ್ಕೊಂಡು ಬಂದಿದ್ದೀರಾ? ನೀವು?"

ಅತ್ತೆ ಕುರ್ಚಿಯ ಕೈ ಬಿಟ್ಟು ಸೊಸೆಯ ಕೈ ತಡಕಿ ಹಿಡಿದರು.

"ಏನೂ ಕಾಣ್ತಿಲ್ಲ ಕಣೇ. ಮೇಲಿನ ದೊಡ್ಡಕ್ಷರಾನೂ ಕಾಣಲ್ಲ."

ಕನ್ನಡಕದಕ್ಕ ತನ್ನ ಬರಿಗಾಜಿನ ಕನ್ನಡಕ ತೆಗೆದು ಬದಿಗಿಟ್ಟು, ಪೆಟ್ಟಿಗೆಯಿಂದ ಮೊದಲ ಲೆನ್ಸನ್ನು ಎತ್ತಿಕೊಂಡಳು.

"ಸರಿ ಅತ್ತೆ. ಹಾಗಾದ್ರೆ ಇಲ್ಲಿಂದ ಶುರು ಮಾಡೋಣ."