ನಾಲ್ಕರ ನಂತರದ ಸಾವು

ನಮ್ಮವರು ತೀರಿಕೊಂಡ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಫೋನ್ ಮಾಡಿದ್ದೆ. ಬದಲಾವಣೆ ಏನಿಲ್ಲ, ಆರಾಮಾಗಿ ಮಲಗಿದ್ದಾರೆ ಎಂದಳು ನರ್ಸ್. ಆ ಮಾತು ನಂಬಿ ಅವರಿಗೆ ಒಯ್ಯಲು ಸಾರಿಗೆ ಬೇಳೆ ಇಟ್ಟೆ. ಕುಕ್ಕರ್ ಆರುವ ಮೊದಲೇ ಅಲ್ಲಿಂದ ಫೋನ್ ಬಂತು. ಒಂದು ಗಂಟೆಯಲ್ಲಿ ಹೋಗಿಬಿಡುವ ಜೀವವೇ? ಎಂಟಕ್ಕೇ ಆಸ್ಪತ್ರೆಯವರಿಗೆ ಗೊತ್ತಿತ್ತು, ನನ್ನಿಂದ ಮುಚ್ಚಿಟ್ಟರು ಎಂಬ ಅನುಮಾನ ಹೊಕ್ಕಿತು. ಮೂರು ತಿಂಗಳ ನಂತರ ಅರ್ಜಿ ಹಾಕಿ ಅವರ ಚಿಕಿತ್ಸೆಯ ಕಡತದ ಪ್ರತಿ ತರಿಸಿಕೊಂಡೆ.

ಈ ಪರದೇಶದಲ್ಲೂ ನಮ್ಮಿಂದ ಎರಡು ಮನೆ ಆಚೆ ಧಾರವಾಡದ ಕಡೆಯ ಅಜ್ಜ ಇದ್ದರು. ಮಗ, ಸೊಸೆ ದಿನಾ ಬೆಳಿಗ್ಗೆ ಪಕ್ಕದ ಊರು ಹ್ಯಾಮಿಲ್ಟನ್ನಿಗೆ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ನಾನು ಚಹಾ ಮಾಡಿಕೊಡುತ್ತಿದ್ದೆ. ಕೊರಿಯಾ ಯುದ್ಧಕ್ಕೆ ಹೋಗಿದ್ದ ಭಾರತದ ಸೇನಾ ವೈದ್ಯಕೀಯ ತುಕಡಿಯಲ್ಲಿ ಅವರು ಗುಮಾಸ್ತರಾಗಿದ್ದರು. ಹವಾ ಹೇಗಿದೆ, ಗಾಯಾಳುಗಳು ಎಷ್ಟು ಬಂದರು, ಎಷ್ಟು ಜನ ಸತ್ತರು, ಯಾವ ಗಾಡಿ ಕೆಟ್ಟಿದೆ ಎಂದು ದಿನಕ್ಕೊಂದು ಹಾಳೆ ಟೈಪ್ ಮಾಡಿ ಮೇಲಿನ ಕಚೇರಿಗೆ ಕಳಿಸಬೇಕಿತ್ತು. ಆ ಚಟ ಇನ್ನೂ ಬಿಟ್ಟಿರಲಿಲ್ಲ; ನಾನು ಕಡತ ಹಿಡಿದು ಹೋದ ದಿನವೂ ಕಂಡೊಡನೆ ವರದಿ ಒಪ್ಪಿಸಿದರು.

“ಹವಾ, ಥಂಡಿ. ರೇಷನ್, ಬ್ರೆಡ್. ಸೊಸಿ, ಮುಂಜಾನಿಂದ ಮಾತಿಲ್ಲ. ಉಳಿದದ್ದೆಲ್ಲಾ ಶಾಂತ.”

ಅಂದು ನನಗೆ ನಗು ಬರಲಿಲ್ಲ. “ಅಜ್ಜ, ಶಾಂತ ಅಂತ ಬರೆದ ದಿನ ನಿಜವಾಗ್ಲೂ ಶಾಂತವಾಗಿತ್ತಾ? ಇಲ್ಲ, ಮೇಲಿನೋರಿಗೆ ಬೇಕು ಅಂತ ಬರೀತಿದ್ರಾ?”

ಅವರ ಮುಖ ಬಿಗಿಯಿತು. “ಯಾರು ಕೇಳಾಕ ಹಚ್ಯಾರ ನಿನಗ?”

ಕಡತವನ್ನು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಅಂಚಿನಲ್ಲಿದ್ದ ವೇಳೆಗಳನ್ನಷ್ಟೇ ನೋಡಿದರು.

“ಸುಳ್ಳು ಬರೀತಿದ್ದಿಲ್ಲ ಯವ್ವಾ. ನಾಕಕ್ಕ ಹಾಳಿ ಹೋಗಬೇಕು. ನಾ ಮೂರಕ್ಕ ಬರಿಯಾಕ ಕೂಡತಿದ್ದೆ. ನಾಕರ ಮ್ಯಾಲ ಸತ್ತಾಂವ ಮರುದಿನದ ಹಾಳ್ಯಾಗ ಸಾಯ್ತಿದ್ದ. ಅಲ್ಲೀಮಟ ಮ್ಯಾಲಿನವರ ಪಾಲಿಗೆ ಅಂವ ಜೀವಂತ.” ಒಂದು ಸಾಲಿನ ಮೇಲೆ ಬೆರಳಿಟ್ಟರು. “ನೋಡಿಲ್ಲೆ. ಬದಲಾವಣೆ ಇಲ್ಲ ಅಂತ ಬರದದ್ದು ಆರಕ್ಕ. ಎಂಟಕ್ಕ ಆ ಹುಡುಗಿ ಇದನ್ನ ಓದಿ ಹೇಳಿರಬೇಕು. ಒಳಗ ಹೋಗಿ ನೋಡಿರ್ಲಿಕ್ಕಿಲ್ಲ.”

“ಹಾಗಾದ್ರೆ ಸುಳ್ಳಲ್ಲ ಅಂತೀರಾ?”

“ಸುಳ್ಳಲ್ಲ. ಹಳೇದು.”

ಅದರ ಕೆಳಗಿನ ಸಾಲಿನಲ್ಲಿ, ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ, ನಮ್ಮವರು ತೀರಿಕೊಂಡಿದ್ದರು. ನಡುವೆ ಏನೂ ಇರಲಿಲ್ಲ.

“ಮೂರಕ್ಕೆ ಬರೆಯೋ ಮುಂಚೆ ನೀವು ಒಳಗೆ ಹೋಗಿ ನೋಡ್ತಿದ್ರಾ?”

“ಮೊದಮೊದಲ ಹೋಗತಿದ್ದೆ” ಎಂದು ಕಪ್ಪನ್ನು ತಟ್ಟೆಯ ಮೇಲೆ ತಿರುಗಿಸುತ್ತಾ ಕುಳಿತರು. ಆಮೇಲೆ ಚಹಾ ಕುಡಿಯಲಿಲ್ಲ.

ಮನೆಗೆ ಬಂದು ಕಡತವನ್ನು ಮತ್ತೆ ಓದಿದೆ. ಅನುಮಾನ ಆ ನರ್ಸನ್ನು ಬಿಟ್ಟು ಆರರಿಂದ ಒಂಬತ್ತರ ನಡುವಿನ ಖಾಲಿ ಜಾಗಕ್ಕೆ ಹೋಗಿ ಕೂತಿತು. ಆಗ ನಮ್ಮವರು ನನ್ನನ್ನು ಕರೆದಿರಬಹುದೇ? ಅಜ್ಜನ ಯುದ್ಧದಲ್ಲಿ ಬಿಟ್ಟುಹೋದದ್ದು ಮರುದಿನದ ಹಾಳೆಗಾದರೂ ಬರುತ್ತಿತ್ತು. ನಮ್ಮವರಿಗೆ ಮರುದಿನದ ಹಾಳೆ ಇರಲಿಲ್ಲ.

ಪೆನ್ಸಿಲ್ ತೆಗೆದುಕೊಂಡು ಆ ಎರಡು ಸಾಲುಗಳ ನಡುವೆ ನನಗೆ ಖಚಿತವಾಗಿ ಗೊತ್ತಿದ್ದದ್ದನ್ನು ಬರೆದೆ: ಎಂಟು ಗಂಟೆ, ಹೆಂಡತಿ ಫೋನ್ ಮಾಡಿ ವಿಚಾರಿಸಿದಳು.